ಪರದೆಯ ಮೇಲೆ ಮೂರಡಿ ನೀರು

ಹೋದ ತಿಂಗಳು ದೇವದುರ್ಗದ ಆಚೆ, ಕೃಷ್ಣೆಯ ದಂಡೆಗೆ ಸಮೀಪದ ಒಂದು ಪಂಚಾಯಿತಿಯ ಮಾಳಿಗೆ ಮೇಲೆ ಛತ್ರಿ ಕೂರಿಸಲು ಹೋಗಿದ್ದೆ. ನಮ್ಮ ಕಡೆ ಡಿಶ್ಶಿಗೆ ಛತ್ರಿ ಅನ್ನುತ್ತಾರೆ. ಆ ಊರಿಗೆ ನೆಲದೊಳಗೆ ಕೇಬಲ್ ಒಯ್ಯಲು ಆಗಲಿಲ್ಲ, ಎಲ್ಲಿ ಅಗೆದರೂ ಬಂಡೆ. ಇಂಥ ಊರುಗಳಿಗೆ ಇಂಟರ್‌ನೆಟ್ಟನ್ನು ಉಪಗ್ರಹದಿಂದಲೇ ಇಳಿಸೋಣ ಎಂದು ಸರಕಾರ ಈಗ ಮನಸ್ಸು ಮಾಡಿದೆ. ನಾಲ್ಕು ಬೋಲ್ಟು ಬಿಗಿದು, ಛತ್ರಿಯ ಮುಖ ಸರಿಯಾದ ಕಡೆ ತಿರುಗಿಸಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದರೆ ಹಸಿರು ದೀಪ ಹತ್ತುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಖುಷಿಯೋ ಖುಷಿ.

“ಇನ್ನ ಕಡಿಯೋರ ಕಾಟ ಇಲ್ಲ ನೋಡ್ರಿ ಖಾದರ್ ಭಾಯ್. ಆಕಾಶಕ್ಕ ಕೊಡ್ಲಿ ಹಾಕೋರು ಯಾರದಾರ?” ಅಂದರು.

ನಾನೂ ನಕ್ಕೆ. ಬೋಲ್ಟು ಬಿಗಿದ ಪಾನಾ ವಾಪಸ್ ಇಡಲು ಚೀಲ ತೆಗೆದರೆ ಒಳಗಿದ್ದ ಸ್ಪಿರಿಟ್ ಬಾಟಲಿಯ ಮುಚ್ಚಳ ಸಡಿಲಾಗಿ ಚೀಲವೆಲ್ಲ ಘಮ್ಮೆಂದಿತು. ಛತ್ರಿ ಕೆಲಸಕ್ಕೆ ಸ್ಪಿರಿಟ್ಟು ಬೇಕಾಗಿಲ್ಲ. ಗಾಜಿನ ಎಳೆ ಜೋಡಿಸುವ ಮುಂಚೆ ಅದನ್ನು ಒರೆಸಲಿಕ್ಕೆ ಬೇಕು. ಅಭ್ಯಾಸಬಲದಿಂದ ಇಟ್ಟುಕೊಂಡಿರುತ್ತೇನೆ ಅಷ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದೇವದುರ್ಗದ ಮಾಳಿಗೆ ಬಿಟ್ಟು ಮಾನ್ವಿ ತಾಲ್ಲೂಕಿನ ಒಂದು ಕಾಲುವೆ ಏರಿಯ ಮೇಲೆ ಕುಂತಿದ್ದೆ.

ನಾನು ರಾಯಚೂರಿನವನು. ತೀನ್ ಕಂದೀಲಿನ ಹಿಂದಿನ ಗಲ್ಲಿಯಲ್ಲಿ ಮನೆ. ಬಜಾರಿನಲ್ಲಿ ನಮ್ಮ ಅಬ್ಬಾ ಗಾಜಿನ ಬಳೆ ಮಾರುತ್ತಿದ್ದರು, ನಾನೂ ಗಾಜಿನ ಕೆಲಸಕ್ಕೇ ಬಿದ್ದೆ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು ನನ್ನ ಕೆಲಸ. ಮನೆಯಲ್ಲಿ ಇದನ್ನು ಎಷ್ಟು ವಿವರಿಸಿದರೂ ಅಮ್ಮಿ ನೆಂಟರ ಮುಂದೆ “ವೈರ್ ಕಾ ಕಾಮ್ ಕರ್ತಾ” ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬೇಗ ಬರುವ ಸ್ವಭಾವ ನನ್ನದು.

ಕೆಲವು ವರ್ಷದ ಹಿಂದೆ ಒಂದು ಮುಂಗಾರಿನಲ್ಲಿ ಹಳ್ಳಿ ಪಂಚಾಯಿತಿಗಳಿಗೆಲ್ಲ ಫೈಬರ್ ಮುಟ್ಟಿಸುವ ಸರಕಾರದ ಯೋಜನೆ ನಮ್ಮ ಭಾಗಕ್ಕೆ ಬಂದಿತ್ತು. ನಮ್ಮ ಗುತ್ತಿಗೆದಾರನಿಗೆ ಸಿಕ್ಕದ್ದು ಕಾಲುವೆ ಪಕ್ಕದ ಲೈನು. ಸಿರವಾರದ ಕಡೆಯಿಂದ ಹಿಡಿದು ಕಾಲುವೆಯ ಕಟ್ಟಕಡೆಯ ಊರಿನ ತನಕ. ಊರಿನ ಹೆಸರು ಹೇಳುವುದಿಲ್ಲ, ಕೇಸು ಇನ್ನೂ ನಡೆದಿದೆ. ಹೆದ್ದಾರಿಯ ಪಕ್ಕ ಅಗೆಯಲು ಅನುಮತಿ ಸಿಗದೆ ಕಾಲುವೆ ಏರಿಯನ್ನು ಹಿಡಿದಿದ್ದೆವು. ಕಾಗದದ ಮೇಲೆ ಸರಕಾರ ಯಾವಾಗಲೂ ಕಟ್ಟಕಡೆಯ ಹಳ್ಳಿ ಅನ್ನುತ್ತದಲ್ಲ, ಆ ಸಲ ನನಗೆ ಅದು ಕಣ್ಣಿಗೆ ಕಂಡಿತು. ಕಾಲುವೆಗೆ ಯಾವುದು ಕೊನೆಯೋ ಲೈನಿಗೂ ಅದೇ ಕೊನೆ, ಬಸ್ಸಿಗೂ ಅದೇ. ಎಲ್ಲ ಇಲಾಖೆಯ ನಕ್ಷೆಗಳೂ ಅದೇ ಊರಿನಲ್ಲಿ ಸುಸ್ತಾಗಿ ನಿಂತುಬಿಟ್ಟಿದ್ದವು.

ಹುಲಿಗೆಮ್ಮಕ್ಕ ನನಗೆ ಪರಿಚಯವಾದದ್ದು ಅಲ್ಲಿಯೇ. ನಾವು ಪೈಪು ಹೂಳುತ್ತ ಅವಳ ಮನೆಯ ಮುಂದೆ ಬಂದಾಗ ನೀರು ಕೇಳಿದೆ. ನೀಲಿ ಬಾಗಿಲಿನ ಮನೆ, ಒಳಗೆ ಗೋಡೆಗೆ ಬುದ್ಧನ ಪಟ. ನೀರಿನ ಜೊತೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ನಾನು ಉಣ್ಣುವವರೆಗೆ ನಮ್ಮ ಕಪ್ಪು ಪೈಪನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಸಾಬ್ರ, ಇದರಾಗ ನೀರು ಯಾವಾಗ ಬಿಡ್ತೀರಿ?”

“ಇದರಾಗ ನೀರು ಬರಂಗಿಲ್ಲಕ್ಕ. ಬೆಳಕು ಹೋಗ್ತದ. ಇಂಟರ್‌ನೆಟ್ಟು.”

“ಅಯ್ಯ, ಬೆಳಕು ನಮಗ ಸೂರ್ಯ ಬೇಕಾದಷ್ಟು ಕೊಡ್ತಾನ. ನೀರ ತಂದಿದ್ರ ಬರೋಬ್ಬರಿ ಆಗ್ತಿತ್ತು” ಎಂದು ನಕ್ಕಳು.

ನಕ್ಕಳು ಅಂದೆ, ಆದರೆ ಅದು ತಮಾಷೆಯ ಮಾತಾಗಿರಲಿಲ್ಲ. ಅವಳ ಅವ್ವ, ಅತ್ತೆ, ಅವಳು, ಎಲ್ಲರೂ ಮತ್ತೊಬ್ಬರ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೆಲ್ಲು ನಾಟಿ ಮಾಡಿದವರು. ಆ ವರ್ಷ ಸರಕಾರದಿಂದ ಮಂಜೂರಾದ ಎರಡು ಎಕರೆ ಅವಳ ಹೆಸರಿಗೆ ಬಂದಿತ್ತು. ಮೊದಲ ಸಲ ತನ್ನ ಹೊಲದಲ್ಲಿ ತಾನು ನಾಟಿ ಮಾಡುವವಳಿದ್ದಳು. ಸಸಿಮಡಿಯನ್ನು ಊರ ಬಾವಿಯಿಂದ ಕೊಡ ಹೊತ್ತು ಬೆಳೆಸಿದ್ದಳು. ಗದ್ದೆಗೆ ಮಾತ್ರ ಕೊಡದ ನೀರು ಸಾಲುವುದಿಲ್ಲ, ಕಾಲುವೆಯೇ ಬರಬೇಕು. ಸಸಿ ಮಡಿಯಲ್ಲಿ ಬಲಿತುಬಿಟ್ಟರೆ ಆಮೇಲೆ ನಾಟಿ ಮಾಡಿದರೂ ತೆಂಡೆ ಒಡೆದು ಪೈರು ಹರಡುವುದಿಲ್ಲ. ಹಾಗೆ ಆದರೆ ಮತ್ತೆ ಬೇರೆಯವರ ಗದ್ದೆಗೆ ಕೂಲಿ ಹೋಗಬೇಕು. “ಹೋಗಾಕ ನಾಚಿಕಿ ಇಲ್ಲ. ಆದ್ರ ಈ ಸಲ ಬ್ಯಾಡ” ಎಂದಿದ್ದಳು.

ನಮ್ಮ ಕಡೆ ಮುಂಗಾರಿನಲ್ಲಿ ಇಬ್ಬರು ಕೂಡಿದರೆ ಮಳೆಯ ಮಾತಿಗಿಂತ ಮೊದಲು ಗೇಜಿನ ಮಾತು ಬರುತ್ತದೆ. ಕಾಲುವೆಯಲ್ಲಿ ಎಷ್ಟು ಅಡಿ ನೀರಿದೆ ಎಂಬ ಲೆಕ್ಕವೇ ಗೇಜು. ಮೇಲಿನ ಊರವರು ಕದ್ದರು ಎಂದು ಕೆಳಗಿನವರು ಅನ್ನುತ್ತಾರೆ, ಮೇಲಿನವರು ನಮಗೇ ಬಂದಿಲ್ಲ ಅನ್ನುತ್ತಾರೆ. ಮುಂಚೆ ಒಬ್ಬ ನೌಕರ ಸೈಕಲ್ ಮೋಟರಿನ ಮೇಲೆ ಬಂದು, ಕಾಲುವೆ ಗೋಡೆಗೆ ಬರೆದ ಅಂಕಿ ಓದಿ, ಫೋನಿನಲ್ಲಿ ಹೇಳುತ್ತಿದ್ದನಂತೆ. ಅವನ ಮೇಲೂ ಎರಡೂ ಕಡೆಯವರಿಗೆ ಅನುಮಾನ. ಜಗಳ ತಪ್ಪಲಿ ಎಂದು ಆ ವರ್ಷ ಕೊನೆಯ ತೂಬಿನ ಹತ್ತಿರ ಯಂತ್ರದ ಗೇಜು ನಿಲ್ಲಿಸಿದರು. ನಾವು ಎಳೆದ ಲೈನಿನ ಮೇಲೆ ಅದರ ಅಂಕಿ ನೇರವಾಗಿ ನೀರಾವರಿ ಕಚೇರಿಯ ಪರದೆಗೆ ಹೋಗುತ್ತಿತ್ತು. ಪಂಚಾಯಿತಿಯಲ್ಲಿ ಕೂರಿಸಿದ ಇಂಟರ್‌ನೆಟ್ ಪೆಟ್ಟಿಗೆಗೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ, ಹಾಗಾಗಿ ಆ ಲೈನಿನಲ್ಲಿ ಓಡಾಡುತ್ತಿದ್ದದ್ದು ಗೇಜು ಒಂದೇ. ಅಂಕಿ ಓದುವ ನೌಕರನನ್ನು ಬೇರೆ ಕಡೆ ಹಾಕಿದರು. ಅದು ನಿರ್ಧಾರ ಮಾಡಿದವರಿಗೆ ಸರಿಯೇ ಅನ್ನಿಸಿರಬೇಕು. ನನಗೂ ಆಗ ಸರಿಯೇ ಅನ್ನಿಸಿತ್ತು. ಯಂತ್ರಕ್ಕೆ ನೆಂಟರಿಲ್ಲ, ಲಂಚ ಬೇಕಿಲ್ಲ.

ಒಂದು ದಿನ ನೀರು ಬಂತು. ಮೂರಡಿ. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತಂತೆ. ಮರುದಿನ ಹುಲಿಗೆಮ್ಮಕ್ಕ ಬದು ಕಟ್ಟಲು ಸಲಿಕೆ ಹಿಡಿದು ಇಳಿದಿದ್ದಾಳೆ, ಅಷ್ಟರಲ್ಲೇ ನೀರು ಬೆರಳು ಬೆರಳು ಇಳಿಯತೊಡಗಿತು. ಮೇಲಿನ ಗದ್ದೆಯವರು ಮೋಟರ್ ಹಚ್ಚಿದ್ದರು. ಊರ ಹಿರಿಯ ಶಾಂತಪ್ಪ ಟ್ರ್ಯಾಕ್ಟರ್ ಹೊರಡಿಸಿದ. ಕೊಡಲಿ, ಹಾರೆ ಹಿಡಿದುಕೊಂಡು ಗಂಡಸರು ಹೆಂಗಸರು ಎಲ್ಲ ಟ್ರೇಲರ್ ಹತ್ತಿದರು. ಕಾಲುವೆಯುದ್ದಕ್ಕೂ ಮೇಲಕ್ಕೆ ಹೋಗಿ, ಕಾಲುವೆಗೆ ಬಾಯಿ ಹಾಕಿದ್ದ ಕಪ್ಪು ಪೈಪುಗಳನ್ನು ಕಂಡಕಂಡಲ್ಲಿ ಕಡಿದರು. ಒಂದು ಸಣ್ಣ ಸೇತುವೆಯ ಪಕ್ಕ ಕಪ್ಪು ಪೈಪುಗಳ ದೊಡ್ಡ ಗೊಂಚಲೇ ಇತ್ತು. ಅದರಲ್ಲಿ ಒಂದು ನಮ್ಮದು. ಕಲ್ಲು ಅಗೆಯಲು ಬಾರದೆ ಅಲ್ಲಿ ಪೈಪನ್ನು ಸೇತುವೆಗೆ ಬಿಗಿದು ದಾಟಿಸಿದ್ದೆವು. ನಮ್ಮ ಪೈಪಿನ ಮೈಮೇಲೆ ಒಂದು ಕಿತ್ತಳೆ ಗೆರೆ ಇರುತ್ತದೆ, ಆದರೆ ಮುಂಗಾರಿನ ಕೆಸರಿನಲ್ಲಿ ಯಾವ ಗೆರೆ, ಯಾವ ಬಣ್ಣ?

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅದಾದ ಎರಡು ವಾರಕ್ಕೆ ನನ್ನನ್ನು ಗುತ್ತಿಗೆದಾರ ಕಳಿಸಿದ್ದು ಬಿಲ್ಲಿಗೆ ಮುಂಚಿನ ಪರೀಕ್ಷೆ ಮಾಡಲು. ಒಂದು ತುದಿಯಿಂದ ಬೆಳಕು ಬಿಟ್ಟರೆ ಲೈನು ಎಲ್ಲಿ ಮುರಿದಿದೆ ಎಂದು ಮೀಟರ್ ತೋರಿಸುತ್ತದೆ. ಸೇತುವೆಯ ಹತ್ತಿರ ಅಂದಿತು. ಹೋಗಿ ನೋಡಿದರೆ ಪೈಪು ಇಡಿಯಾಗಿ ಇದೆ! ಮೀಟರಿಗೆ ಬೈದೆ, ಮೀಟರ್ ಮಾಡಿದವರಿಗೆ ಬೈದೆ, ಮಣ್ಣು ಕೆದರಿ ಕೆದರಿ ಅರ್ಧ ದಿನ ಹಾಳು ಮಾಡಿಕೊಂಡೆ. ಕೊನೆಗೆ ಕೈಯಿಂದ ತಡವಿ ನೋಡಿದಾಗ ಸಿಕ್ಕಿತು. ಕಡಿದ ಜಾಗಕ್ಕೆ ಯಾರೋ ಪುಣ್ಯಾತ್ಮ ನೀರಿನ ಪೈಪಿಗೆ ಹಾಕುವ ಕಪ್ಲಿಂಗ್ ಹಾಕಿ, ಸುತ್ತಲೂ ತಂತಿ ಬಿಗಿದು, ಸೊಗಸಾಗಿ ಜೋಡಿಸಿದ್ದ, ಒಳಗಿನ ಗಾಜಿನ ಎಳೆ ಮಾತ್ರ ತುಂಡಾಗಿಯೇ ಇತ್ತು. ಮೇಲಿನ ಗದ್ದೆಯವರು ತಮ್ಮ ಪೈಪು ಜೋಡಿಸಿಕೊಳ್ಳುವಾಗ, ಇದೂ ಪಕ್ಕದವನದಿರಬೇಕು, ಪಾಪ, ಎಂದು ಉಪಕಾರ ಮಾಡಿದ್ದರು. ಕೆಳಗಿನವರು ನೀರಿನ ಪೈಪೆಂದು ಕಡಿದರು, ಮೇಲಿನವರು ನೀರಿನ ಪೈಪೆಂದೇ ಜೋಡಿಸಿದರು. ಆ ಕಾಲುವೆಯ ಮೇಲೆ ಅವರಿಬ್ಬರೂ ಒಪ್ಪಿದ ಮಾತು ಬಹುಶಃ ಅದೊಂದೇ. ಕಪ್ಲಿಂಗ್ ನೋಡಿದ್ದೇ ಇಷ್ಟನ್ನು ಊಹಿಸಿಕೊಂಡು ನಾನು ಏರಿಯ ಮೇಲೆ ಕುಂತು ಒಬ್ಬನೇ ನಕ್ಕೆ.

ಊರಿಗೆ ಹೋದ ಮೇಲೆ ನಗು ಉಳಿಯಲಿಲ್ಲ. ಕಾಲುವೆಯ ತಳ ಒಣಗಿ ಬಿರುಕು ಬಿಟ್ಟಿತ್ತು. ಹುಲಿಗೆಮ್ಮಕ್ಕ ಮಡಿಯ ಪಕ್ಕ ಕುಂತಿದ್ದಳು. ಸಸಿ ಮೊಣಕಾಲಿಗೆ ಬಂದು, ತುದಿ ಹಳದಿಗೆ ತಿರುಗುತ್ತಿತ್ತು. ಕಚೇರಿಗೆ ಎಷ್ಟು ಸಲ ಹೋದರೂ ಸಾಹೇಬರು ಒಂದೇ ಮಾತು ಹೇಳುತ್ತಿದ್ದರಂತೆ, ನಿಮ್ಮಲ್ಲಿ ಮೂರಡಿ ನೀರಿದೆ, ಪರದೆಯ ಮೇಲೆ ಕಾಣುತ್ತಿದೆ ಎಂದು. ಲೈನು ಸತ್ತ ಗಳಿಗೆಯಲ್ಲಿ ಗೇಜು ಇನ್ನೂ ಮೂರಡಿಯೇ ತೋರಿಸುತ್ತಿರಬೇಕು. ಹೊಸ ಅಂಕಿ ಬರದಿದ್ದರೆ ಪರದೆ ಹಳೆಯದನ್ನೇ ಹಿಡಿದುಕೊಂಡು ನಿಲ್ಲುತ್ತದೆ. ಇವರು ಕಡಿದದ್ದು ತಮ್ಮ ಪರವಾಗಿ ಸಾಕ್ಷಿ ಹೇಳುವ ನಾಲಗೆಯನ್ನೇ. ಅದನ್ನು ಅವಳಿಗೆ ಬಿಡಿಸಿ ಹೇಳಿದೆ.

“ಆ ಸೇತುವಿ ಹತ್ರ ಕೊಡ್ಲಿ ನನ್ನ ಕೈಯಾಗ ಇತ್ತು ತಮ್ಮಾ” ಅಂದಳು.

ಶಾಂತಪ್ಪನನ್ನು ಕರೆದು ಹೇಳಿದೆವು. “ಯಾರೂ ಬಾಯಿ ಬಿಡಬ್ಯಾಡ್ರಿ ಮತ್ತ. ಸರಕಾರಿ ಆಸ್ತಿ ಅದು. ಕೇಸ್ ಆದ್ರ ಕೋರ್ಟು ಕಚೇರಿ ಅಂತ ಜನ್ಮ ಹೋಗ್ತದ” ಎಂದ. ತಪ್ಪಾಗಿ ಹೇಳಲಿಲ್ಲ ಅವನು.

ಮರುದಿನ ಅವರ ಜೊತೆ ನಾನೂ ಕಚೇರಿಗೆ ಹೋದೆ. ಎಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ದಿನಾ ಎರಡೂ ಕಡೆಯವರಿಂದ ಬೈಸಿಕೊಂಡು ಸೊರಗಿದ್ದ ಮನುಷ್ಯ. ಊರವರು ಫೋನಿನಲ್ಲಿ ಒಣ ಕಾಲುವೆಯ ವಿಡಿಯೊ ತೋರಿಸಿದರು.

“ಇದು ಈಗಿಂದ ಅಂತ ಹೆಂಗ ನಂಬ್ಲಿ? ಹ್ವಾದ ವಾರ ಮ್ಯಾಲಿನವ್ರು ಬ್ಯಾಸಗಿ ವಿಡಿಯೊ ತಂದು ನನಗ ತೋರ್ಸಿದ್ರು. ಅದಕ್ಕಂತನೇ ಅಲ್ಲೇನು ಸರಕಾರ ಈ ಯಂತ್ರ ಹಾಕಿದ್ದು?” ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮೇಲೆ ನಾವು ಹೋದ ದಿನದ್ದೇ ತಾರೀಖು, ಕೆಳಗೆ ಮೂರು ಅಡಿ. ಶಾಂತಪ್ಪ ಆ ಅಂಕಿಯನ್ನು ನೋಡುತ್ತಲೇ ನಿಂತ.

ಲೈನು ತುಂಡಾಗಿದೆ, ಈ ಅಂಕಿ ಹಳೆಯದು ಎಂದು ನಾನು ಹೇಳಿದೆ.

“ತುಂಡಾಗಿರಬೌದು. ಯಾವಾಗ? ಇವತ್ತ ಮುಂಜಾನಿ ಆಗಿದ್ರ? ನಿನ್ನೆ ತನಕ ಮೂರಡಿ ಹರದದ ಅಂತ ಆತಲ್ಲ? ಸುಮ್ನ ಮ್ಯಾಲಿನ ಮೋಟರ್ ಬಂದ್ ಮಾಡಿಸಿದ್ರ ಅವ್ರು ನನ್ನ ಬಿಡ್ತಾರೇನು?”

ಮೀಟರು ಎಲ್ಲಿ ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಅದೂ ಜೋಡಿಸಿದ ಪೈಪು, ಕಡಿತ ಹೊಸದೋ ಹಳೆಯದೋ ನೋಡಿ ಹೇಳುವಂತಿಲ್ಲ.

“ಯಾವಾಗ ಅಂತ ನಾ ಹೇಳ್ತೀನ್ರೀ” ಅಂದಳು ಹುಲಿಗೆಮ್ಮಕ್ಕ.

ಶಾಂತಪ್ಪ ಅವಳ ಸೆರಗು ಜಗ್ಗಿದ. ಅವಳು ಸೆರಗು ಬಿಡಿಸಿಕೊಂಡು ಮುಂದೆ ಬಂದಳು.

“ನೀರು ಬಂದ ಮರುದಿನ, ಹೊತ್ತು ಏರಿದ ಮ್ಯಾಲ. ನಾನೇ ಕಡದೀನಿ. ಮ್ಯಾಲಿನವ್ರ ನೀರಿನ ಪೈಪು ಅಂತ ತಿಳದು ಕಡದೀನಿ. ಅವತ್ತಿಂದ ನಿಮ್ಮ ಟೀವಿ ಸುಳ್ಳು ಹೇಳಾಕತ್ತದ ಸಾಹೇಬ್ರ. ಕೇಸ್ ಹಾಕ್ತೀರಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಮೊದಲು ನೀರು ಬಿಡ್ರಿ, ಸಸಿ ಸಾಯಾಕತ್ತಾವ.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಜೀಪಿನ ಕೀಲಿ ತೆಗೆದುಕೊಂಡರು. ಆ ಮಳೆಗಾಲದಲ್ಲಿ ಅವರು ಕಾಲುವೆಯ ಕೊನೆ ಮುಟ್ಟಿದ್ದು ಅದೇ ಮೊದಲು. ಒಣ ತಳಕ್ಕೆ ಇಳಿದು, ಬೂಟುಗಾಲಿನಿಂದ ಬಿರುಕು ಮಣ್ಣನ್ನು ಒದ್ದು ನೋಡಿ, ಅಲ್ಲಿಂದಲೇ ಫೋನು ಮಾಡಿದರು. ಸಂಜೆಯೊಳಗೆ ಮೇಲಿನ ಮೋಟರುಗಳು ನಿಂತವು, ತೂಬಿನ ಬಾಗಿಲು ಎತ್ತಿದರು.

ಸರಕಾರ ಲೈನು ಎಳೆಯುವುದಕ್ಕೆ ದುಡ್ಡು ಕೊಡುತ್ತದೆ. ಒಂದು ಸಲ ಬೆಳಕು ದಾಟಿದರೆ ಫೋಟೊ ತೆಗೆದು ಊರಿನ ಹೆಸರಿನ ಮುಂದೆ ಗುರುತು ಹಾಕಿಬಿಡುತ್ತಾರೆ, ಈ ಊರು ಮುಟ್ಟಿತು ಎಂದು. ಆಮೇಲೆ ಆ ಬೆಳಕು ಇದೆಯೋ ಸತ್ತಿದೆಯೋ ನೋಡುವುದು ಯಾರ ಕೆಲಸವೂ ಅಲ್ಲ. ದೇವದುರ್ಗದ ಅಧಿಕಾರಿಗಳು ಆಕಾಶಕ್ಕೆ ಕೊಡಲಿ ಹಾಕುವವರು ಯಾರು ಎಂದಾಗ ನಕ್ಕೆನಲ್ಲ, ಆ ನಗು ಪೂರ್ತಿ ಒಳಗಿನಿಂದ ಬಂದದ್ದಲ್ಲ. ಅಂಕಿ ನೆಲದೊಳಗಿಂದ ಬಂದರೂ ಉಪಗ್ರಹದಿಂದ ಇಳಿದರೂ ಕೊನೆಗೆ ಅದು ಬರುವುದು ಒಬ್ಬ ಮನುಷ್ಯನ ಮೇಜಿನ ಮೇಲೆ. ಅವನಿಗೆ ಒಮ್ಮೊಮ್ಮೆ ಎದ್ದು ಹೋಗಿ ನೋಡಬೇಕು ಅನ್ನಿಸದಿದ್ದರೆ ಛತ್ರಿಯಾದರೂ ಏನು ಮಾಡೀತು? ನಾನು ಛತ್ರಿ ಕೂರಿಸುವವನು, ಈ ಮಾತು ನನ್ನ ಹೊಟ್ಟೆಪಾಡಿಗೇ ಒಳ್ಳೆಯದಲ್ಲ. ಆದರೂ ಅನ್ನಿಸಿದ್ದನ್ನು ಹೇಳಿದೆ.

ತೂಬು ಎತ್ತಿದ ದಿನವೇ ಸೇತುವೆಯ ಹತ್ತಿರ ತಾಡಪಾಲಿನ ಕೆಳಗೆ ಕುಂತು ಲೈನು ಜೋಡಿಸಿದೆ. ಜಿಟಿಜಿಟಿ ಮಳೆ. ಗಾಜಿನ ಎಳೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ತುದಿ ಕತ್ತರಿಸಿ, ಯಂತ್ರದಲ್ಲಿಟ್ಟು ಬೆಸೆದು, ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆ ಸರಿಸಿ ಕಾಯಿಸಿದೆ. ಪಕ್ಕದಲ್ಲೇ ಕಾಲುವೆಯ ನೀರು ಕೆಳಗಿನ ಊರಿನ ಕಡೆ ಹೊರಟಿತ್ತು. ಕೆಂಪು ನೀರು, ಕಸಕಡ್ಡಿ ಹೊತ್ತುಕೊಂಡು ಬಿರಬಿರನೆ ಹೋಗುತ್ತಿತ್ತು.

ಗುತ್ತಿಗೆದಾರ ಮಾತ್ರ ಬಿಡಲಿಲ್ಲ. ಅವಳೇ ಒಪ್ಪಿಕೊಂಡಾಳಲ್ಲ, ದೂರು ಕೊಡದಿದ್ದರೆ ನನ್ನ ಬಿಲ್ಲು ನಿಲ್ಲುತ್ತದೆ ಎಂದ. ನಾನು ಜಗಳಾಡಿದೆ, ಕೆಲಸ ಬಿಡುತ್ತೇನೆ ಎಂದೂ ಹೆದರಿಸಿದೆ. ಬಿಡು ಅಂದ. ದೂರು ಹೋಯಿತು. ಜಾಗ ತೋರಿಸಿ ಅವಳನ್ನು ಠಾಣೆಗೆ ಕರೆತರಲು ಹೆಡ್ ಕಾನ್‌ಸ್ಟೆಬಲ್ ಜೊತೆ ನನ್ನನ್ನೇ ಕಳಿಸಿದರು. ಅವಳಿಗೆ ಹೇಗೆ ಮುಖ ತೋರಿಸಲಿ ಎಂದು ಮೋಟರ್ ಸೈಕಲ್ಲಿನ ಹಿಂದೆ ಕುಂತು ದಾರಿಯುದ್ದಕ್ಕೂ ಒದ್ದಾಡಿದೆ.

ನಾವು ಹೋದಾಗ ಅವಳು ಗದ್ದೆಯಲ್ಲಿದ್ದಳು. ಅವಳದೇ ಗದ್ದೆ. ಮೊಣಕಾಲುದ್ದ ಕೆಸರು, ಓಣಿಯ ಹೆಂಗಸರೆಲ್ಲ ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಕೊನೆಯ ಮಡಿ ಅರ್ಧ ಆಗಿತ್ತು. ಹೆಡ್ ಕಾನ್‌ಸ್ಟೆಬಲ್ ಬದುವಿನ ಮೇಲೆ ನಿಂತು ಹೆಸರು ಹಿಡಿದು ಕೂಗಿದ. ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಅವಳು ಕೈಯಲ್ಲಿದ್ದ ಸಸಿಯ ಸಿವುಡನ್ನು ಕೆಳಗೆ ಇಡಲಿಲ್ಲ.

“ಈ ಮಡಿ ಮುಗಿಸಿ ಬರ್ತೀನ್ರೀ ಯಪ್ಪಾ. ಕುಂದರ್ರಿ, ಚಾ ಮಾಡಸ್ತೀನಿ.”

ಹೆಡ್ ಕಾನ್‌ಸ್ಟೆಬಲ್ ನನ್ನ ಮುಖ ನೋಡಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಕುಂತ. ನಾನೂ ಕುಂತೆ. ಬಲಿತ ಸಸಿ, ಬೆಳೆ ಪೂರ್ತಿ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಒಂದೊಂದನ್ನೂ ಬೆರಳಿನಿಂದ ಒತ್ತಿ ನಿಲ್ಲಿಸುತ್ತ, ಅವಸರವಿಲ್ಲದೆ ಹಿಂದೆ ಹಿಂದೆ ಸರಿಯುತ್ತ ಬಂದಳು. ಬದು ಅವಳ ಹಿಮ್ಮಡಿಗೆ ತಾಕಿದಾಗ ನಿಂತಳು. ಕಾಲುವೆಗೆ ಇಳಿದು ಕೈಕಾಲು ತೊಳೆದುಕೊಂಡಳು. ಎತ್ತಿ ಸಿಕ್ಕಿಸಿದ್ದ ಸೀರೆಯ ನಿರಿಗೆ ಇಳಿಬಿಟ್ಟು, ನನ್ನ ಹತ್ತಿರ ಬಂದಳು.

“ತಮ್ಮಾ, ಈ ನೀರು ಅಲ್ಲಿ ಸಾಹೇಬ್ರಿಗಿ ಕಾಣಾಕತ್ತದೇನು ಈಗ?”

“ಕಾಣಾಕತ್ತದಕ್ಕ. ಎಷ್ಟು ಅದನೋ ಅಷ್ಟ.”

“ಹಂಗಿದ್ರ ನಡೀರಿ, ಹೋಗೂಣು” ಎಂದು ನಮಗಿಂತ ಮುಂದೆ ಏರಿ ಹತ್ತಿದಳು.